ಊರಿನ ಹೆಸರು ಹೇಳದ ರೇಡಿಯೊ

ಮೈಕಿನ ಮುಂದೆ ಕೂತು ಹೊಟ್ಟೆ ಹೊರೆಯುವವರಿಗೆ ನಗೆಪಾಟಲು ತಪ್ಪಿದ್ದಲ್ಲ; ದಿನಕ್ಕೊಂದಾದರೂ ಆಗುತ್ತದೆ, ಆಗದಿದ್ದ ದಿನ ನಮಗೇ ಏನೋ ಕಳೆದುಕೊಂಡ ಹಾಗಿರುತ್ತದೆ. ನಾನು ಹುಣಸೂರಿನ ಹತ್ತಿರದ ಒಂದು ಸಣ್ಣ ಸಮುದಾಯ ರೇಡಿಯೊದಲ್ಲಿ ಹನ್ನೆರಡು ವರ್ಷದಿಂದ ಉದ್ಘೋಷಕಿ. ಉದ್ಘೋಷಕಿ ಅಂದರೆ ಬರೀ ಮಾತಾಡುವವಳು ಅಂದುಕೊಳ್ಳಬೇಡಿ. ಕಸ ಗುಡಿಸುವುದು, ಅತಿಥಿಗಳಿಗೆ ಟೀ ತರಿಸುವುದು, ಅತಿಥಿ ಕೈಕೊಟ್ಟರೆ ಅವರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುವುದು, ಎಲ್ಲ ಅದರಲ್ಲೇ ಸೇರಿದೆ. ನಮ್ಮ ಗೋಪುರ ಗುಡ್ಡದ ಮೇಲಿದ್ದರೂ ಅದರ ಶಕ್ತಿ ಅಷ್ಟಕ್ಕಷ್ಟೆ. ಹತ್ತಿರದವರು ರೇಡಿಯೊದಲ್ಲಿ ಕೇಳುತ್ತಾರೆ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಮೊಬೈಲಿನಲ್ಲಿ ಹಾಕಿಕೊಳ್ಳುತ್ತಾರೆ.

ಆ ವಾರ ದೇಶದ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ನಮ್ಮಂಥ ರೇಡಿಯೊಗಳು ಸ್ವಂತವಾಗಿ ಸುದ್ದಿ ಹೇಳುವ ಹಾಗಿಲ್ಲ, ಸರ್ಕಾರಿ ವಾರ್ತೆಯನ್ನು ಹಾಗೆಹಾಗೇ ದಾಟಿಸಬಹುದು ಅಷ್ಟೆ. ಊರಿಗೆಲ್ಲ ಬೇಕಾಗಿದ್ದದ್ದು ಯುದ್ಧದ ಸುದ್ದಿ, ನಮ್ಮ ಹತ್ತಿರ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಅಂಥ ಒಂದು ದಿನದ ಕಥೆ ಇದು.

ಬೆಳಿಗ್ಗೆ ಆರು: ಮಳೆ ಮತ್ತು ಬಸ್ಸು

ಹಿಂದಿನ ದಿನ ಸರ್ಕಾರದಿಂದ ನಮಗೊಂದು ಸೂಚನೆಯ ಹಾಳೆ ಬಂದಿತ್ತು. ಸೈನಿಕರು ಎಲ್ಲಿದ್ದಾರೆ, ಎತ್ತ ಹೊರಟಿದ್ದಾರೆ ಎಂಬುದನ್ನು ಯಾರೂ ಪ್ರಸಾರ ಮಾಡಬಾರದು ಅಂತ ಅದರಲ್ಲಿತ್ತು. ಸರಿಯಾದ ಮಾತೇ. ಆದರೆ ಆ ಹಾಳೆ ನಮ್ಮ ರೇಡಿಯೊ ಸಮಿತಿಯ ಅಧ್ಯಕ್ಷರ ಕೈಗೆ ಸಿಕ್ಕಿತು. ಅವರು ನಿವೃತ್ತ ಹೆಡ್‌ಮಾಸ್ಟರು. ಕೆಂಪು ಪೆನ್ನು ಹಿಡಿದು ಕೂತರೆ ದೇವರ ಸ್ತೋತ್ರದಲ್ಲೂ ಎರಡು ಕಡೆ ಗೀಟು ಹಾಕುವ ಮನುಷ್ಯ. ಸ್ಥಳ ಹೇಳಬಾರದು, ಸಂಚಾರ ಹೇಳಬಾರದು ಅಂತ ಎರಡು ಗೀಟು ಎಳೆದು, ಬೆಳಿಗ್ಗೆ ಐದೂವರೆಗೆಲ್ಲ ಬಂದು ನನ್ನ ಕಾಗದಗಳನ್ನು ತಿದ್ದತೊಡಗಿದರು.

ಹವಾಮಾನದಲ್ಲಿ ಊರುಗಳ ಹೆಸರಿತ್ತು, ಹೊಡೆದು ಹಾಕಿದರು. ಬಸ್ಸಿನ ವೇಳೆಯಲ್ಲಿ ಸಂಚಾರವೂ ಇತ್ತು, ಊರೂ ಇತ್ತು. ಅದಕ್ಕೆ ಎರಡೆರಡು ಗೀಟು. ಇವು ಸೈನಿಕರ ವಿಚಾರ ಅಲ್ಲವಲ್ಲ ಸಾರ್ ಅಂದೆ. ಸೈನಿಕರು ಬಸ್ಸು ಹತ್ತುವುದಿಲ್ಲವೇ, ಅವರ ಮೇಲೆ ಮಳೆ ಬೀಳುವುದಿಲ್ಲವೇ ಅಂತ ಕೇಳಿದರು. ನಾನು ತಿದ್ದಿದ ಕಾಗದ ಎತ್ತಿಕೊಂಡು ಮೈಕಿನ ಮುಂದೆ ಕೂತೆ.

ಹಾಗಾಗಿ ಆರು ಗಂಟೆಗೆ ನಾನು ಓದಿದ್ದು ಇದು: ‘ಇಂದು ನಮ್ಮ ಒಂದು ತಾಲ್ಲೂಕಿನಲ್ಲಿ ಗುಡುಗು ಸಹಿತ ಮಳೆಯಾಗಲಿದೆ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಏಳು ಗಂಟೆಯ ಬಸ್ಸು ಕೆಟ್ಟಿರುವುದರಿಂದ ಇಂದು ಬರುವುದಿಲ್ಲ.’

ಓದಿ ಮುಗಿಸುವುದರೊಳಗೆ ಫೋನು. ಹಾರನಹಳ್ಳಿಯ ಒಬ್ಬ ಯಜಮಾನರು, ಕೆಟ್ಟಿರುವುದು ತಮ್ಮ ಬಸ್ಸೋ ಬೇರೆಯದೋ ಅಂತ ಕೇಳಿದರು. ಯುದ್ಧದ ಕಾರಣ ಹೇಳುವ ಹಾಗಿಲ್ಲ ಅಂತ ವಿನಯದಿಂದ ತಿಳಿಸಿದೆ. ಅವರೂ ದೇಶಭಕ್ತರು, ಬೈಯಲಿಲ್ಲ, ರಸ್ತೆಯಲ್ಲಿ ನಿಂತು ತಾವೇ ನೋಡಿಕೊಳ್ಳುವುದಾಗಿ ಹೇಳಿ ಫೋನ್ ಇಟ್ಟರು. ಏಳೂವರೆಗೆ ಮತ್ತೆ ಅವರದೇ ಫೋನು. ಈ ಸಲ ದನಿ ತೀರಾ ಸಣ್ಣಗಿತ್ತು.

‘ಮೇಡಂ, ಕೆಟ್ಟಿರೋದು ನಮ್ದೇ ಕಣ್ರೀ. ನಾನು ಯಾರ್ಗೂ ಹೇಳಾಕಿಲ್ಲ ಬುಡಿ.’

ಎಂಟು ಗಂಟೆ: ಕುರ್ಚಿ ಹಿಡಿದ ಅಮ್ಮ

ಎಂಟು ಗಂಟೆಗೆ ಕಂಪಲಾಪುರದ ಒಬ್ಬ ಅಮ್ಮ ಬಂದರು. ಅರವತ್ತು ದಾಟಿದವರು, ಒಂಟಿ ಹೆಂಗಸು, ಒಂದೂವರೆ ಎಕರೆ ಹೊಲವನ್ನು ತಾವೇ ನಿಂತು ಮಾಡಿಸುವ ಗಟ್ಟಿಗಿತ್ತಿ. ಇರುವ ಒಬ್ಬ ಮಗ ಸೈನ್ಯದಲ್ಲಿದ್ದಾನೆ, ಯುದ್ಧ ಶುರುವಾದಾಗಿನಿಂದ, ಅಂದರೆ ಆರು ದಿನದಿಂದ, ಅವನ ಫೋನಿಲ್ಲ. ಮೊದಲು ದಿನಾ ಸಂಜೆ ಮಾಡುತ್ತಿದ್ದನಂತೆ. ಇಷ್ಟನ್ನು ಹೇಳುವಾಗ ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು.

ನಮಗೂ ಏನೂ ಗೊತ್ತಿಲ್ಲ ಅಮ್ಮ, ಗೊತ್ತಾಗುವ ದಾರಿಯೂ ನಮಗಿಲ್ಲ ಅಂದೆ. ಅವರು ನಂಬಲಿಲ್ಲ. ನಂಬದೆ ಇರುವುದಕ್ಕೆ ಕಾರಣವನ್ನು ನಾವೇ ಒದಗಿಸಿದ್ದೆವು.

‘ಬೆಳಿಗ್ಗೆ ಕೇಳ್ದೆ ಕಣವ್ವ. ಯಾವ ಬಸ್ಸು ಕೆಟ್ಟೈತೆ ಅಂತ ನಿಮ್ಗೆ ಗೊತ್ತಿತ್ತು, ಹೇಳ್ನಿಲ್ಲ. ಮಳೆ ಎಲ್ಲಿ ಬತ್ತದೆ ಅಂತ ಗೊತ್ತಿತ್ತು, ಅದ್ನೂ ಹೇಳ್ನಿಲ್ಲ. ನನ್ ಮಗನ ವಿಚಾರಾನೂ ಅಂಗೇ. ನಿಮ್ ತಪ್ಪಲ್ಲ. ಹೇಳಂಗಾದಾಗ ಹೇಳಿ, ನಾನಿಲ್ಲೇ ಕೂತಿರ್ತೀನಿ.’

ಅಂದು, ಸ್ಟುಡಿಯೊ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟರು. ನಾಲ್ಕು ಕಾಲಿನಲ್ಲಿ ಒಂದು ಕುಂಟುವ ಆ ಕುರ್ಚಿಯನ್ನು ಅತಿಥಿಗಳು ಬೇಗ ಎದ್ದು ಹೋಗಲಿ ಅಂತಲೇ ಅಲ್ಲಿ ಹಾಕಿದ್ದೆವು. ಸಂಜೆವರೆಗೆ ಅದರ ಮೇಲೆ ಅಲುಗಾಡದೆ ಕೂತವರು ಅವರೊಬ್ಬರೇ.

ಒಂಬತ್ತು ಗಂಟೆ: ತಜ್ಞರ ಸಲಹೆ

ಒಂಬತ್ತಕ್ಕೆ ಕೃಷಿ ತಜ್ಞರ ನೇರ ಫೋನ್ ಕಾರ್ಯಕ್ರಮ. ನಮ್ಮ ತಜ್ಞರು ಓದಿಕೊಂಡವರು, ಒಳ್ಳೆಯವರು. ಅವರಿಗೆ ಒಂದೇ ಒಂದು ಅಭ್ಯಾಸ. ಪ್ರಶ್ನೆ ಯಾವುದೇ ಇರಲಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅನ್ನುತ್ತಾರೆ.

ಅವತ್ತು ಪಿರಿಯಾಪಟ್ಟಣದ ಕಡೆಯ ಒಬ್ಬ ಹೊಗೆಸೊಪ್ಪಿನ ರೈತರು ಕರೆ ಮಾಡಿದರು. ಸಸಿ ತಯಾರಾಗಿದೆ, ಒಂದು ಮಳೆ ಬಿದ್ದಿದೆ, ನಾಟಿ ಮಾಡಲೋ ಬೇಡವೋ ಅಂತ ಅವರ ಪ್ರಶ್ನೆ. ಹದ ಇದ್ದರೆ ಮಾಡಿ ಅಂದರು ತಜ್ಞರು. ಹದದ ವಿಚಾರ ಅಲ್ಲ ಸಾರ್, ಯುದ್ಧದ ವಿಚಾರ ಅಂದರು ರೈತರು. ಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಹಗಲೂ ರಾತ್ರಿ ಉರಿಯಬೇಕು, ನಡುವೆ ಆರಿಸಿದರೆ ಸೊಪ್ಪು ಕಪ್ಪಾಗುತ್ತದೆ. ಆದರೆ ಯುದ್ಧ ಇರುವಾಗ ರಾತ್ರಿ ದೀಪ ಆರಿಸಬೇಕು ಅಂತ ಎಲ್ಲ ಕಡೆ ಹೇಳುತ್ತಿದ್ದಾರೆ. ಮೇಲಿಂದ ವಿಮಾನದವನು ನೋಡಿದರೆ ಇಡೀ ಪಿರಿಯಾಪಟ್ಟಣ ತಾಲ್ಲೂಕು ಒಲೆಯ ಹಾಗೆ ಕಾಣುವುದಿಲ್ಲವೇ?

ಸೊಪ್ಪು ಬೇಯಿಸುವುದು ಇನ್ನೂ ಎರಡು ತಿಂಗಳಿಗಲ್ಲವೇ ಅಂತ ತಜ್ಞರು ಸಮಾಧಾನ ಹೇಳಿದರು. ರೈತರು ಬಿಡಲಿಲ್ಲ.

‘ಅದ್ಕೇ ಸಾರ್ ಈಗ್ಲೇ ಕೇಳ್ತಿರೋದು. ಎರಡು ತಿಂಗ್ಳಲ್ಲಿ ಯುದ್ಧ ಮುಗಿತದೆ ಅಂತ ನೀವೊಂದು ಮಾತು ಹೇಳುದ್ರೆ ಇವತ್ತೇ ನಾಟಿ ಹಾಕ್ತೀನಿ.’

ತಜ್ಞರು ನನ್ನ ಮುಖ ನೋಡಿದರು. ನಾನು ಗಾಜಿನಾಚೆ ನಿಂತಿದ್ದ ಅಧ್ಯಕ್ಷರ ಮುಖ ನೋಡಿದೆ. ಅಧ್ಯಕ್ಷರು ಎರಡೂ ಕೈ ಎತ್ತಿ ಬೇಡ ಬೇಡ ಅಂದರು. ಹೊರಗಿನ ಕುರ್ಚಿಯಲ್ಲಿದ್ದ ಅಮ್ಮ ಮಾತ್ರ ಸ್ಪೀಕರಿಗೆ ಕಿವಿ ಕೊಟ್ಟು, ಬಾಗಿಲ ಸಂದಿಯಿಂದ ತಜ್ಞರ ಬಾಯನ್ನೇ ನೋಡುತ್ತಿದ್ದರು. ಯುದ್ಧ ಎಂದು ಮುಗಿಯುತ್ತದೆ ಅಂತ ಗೊತ್ತಿರುವ ಒಬ್ಬರಾದರೂ ಸಿಕ್ಕರಲ್ಲ ಅನ್ನುವ ಆಸೆ ಆ ಮುಖದಲ್ಲಿತ್ತು. ತಜ್ಞರು ಗಂಟಲು ಸರಿಮಾಡಿಕೊಂಡು, ತುಂಬ ಯೋಚನೆ ಮಾಡಿ ಹೇಳಿದರು.

‘ಯಾವುದಕ್ಕೂ ಮೊದಲು ಒಂದು ಮಣ್ಣು ಪರೀಕ್ಷೆ ಮಾಡಿಸಿಬಿಡಿ.’

ಹತ್ತೂವರೆ: ಸೈರನ್

ಅಪಾಯದ ಸೈರನ್ ಹೇಗಿರುತ್ತದೆ ಅಂತ ಜನಕ್ಕೆ ಕೇಳಿಸಿ, ಅದು ಮೊಳಗಿದಾಗ ಏನು ಮಾಡಬೇಕು ಅಂತ ತಿಳಿಸಬೇಕಾಗಿತ್ತು. ನಮ್ಮ ಹತ್ತಿರ ಸೈರನ್ನಿನ ಧ್ವನಿ ಇರಲಿಲ್ಲ. ನಮ್ಮ ತಾಂತ್ರಿಕ ಸಹಾಯಕರು ಹಳೆಯ ಧ್ವನಿಗಳನ್ನೆಲ್ಲ ಜಾಲಾಡಿ ಒಂದನ್ನು ಹುಡುಕಿ ತಂದರು. ಯಾವಾಗಲೋ ಭತ್ತದ ಬಗ್ಗೆ ಕಾರ್ಯಕ್ರಮ ಮಾಡಲು ಹೋದಾಗ ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಮುದ್ರಿಸಿಕೊಂಡ ಸೈರನ್ ಅದು. ಕೇಳಿದರೆ ಎದೆ ಝಲ್ಲೆನ್ನುವ ಹಾಗಿತ್ತು, ಸಾಕು ಅಂತ ಒಪ್ಪಿದೆ.

ಹತ್ತೂವರೆಗೆ ಸೈರನ್ ಹಾಕಿ, ಈ ಸದ್ದು ಕೇಳಿದ ಕೂಡಲೇ ಕೈಲಿರುವ ಕೆಲಸ ಬಿಟ್ಟು ಗೋಡೆ ಬದಿಗೆ ಸರಿದು ನೆಲಕ್ಕೆ ಬೋರಲು ಮಲಗಬೇಕು ಅಂತ ಎರಡು ಸಲ ವಿವರಿಸಿದೆ.

ಆ ಗಿರಣಿಯವರು ನಮ್ಮ ಅಭಿಮಾನಿಗಳು. ದಿನವಿಡೀ ನಮ್ಮ ರೇಡಿಯೊವನ್ನು ಮೈಕಿಗೆ ಹಾಕಿ ಅಂಗಳಕ್ಕೆಲ್ಲ ಕೇಳಿಸುತ್ತಾರೆ. ಅಲ್ಲಿ ಸೈರನ್ ಅಂದರೆ ಮಧ್ಯಾಹ್ನದ ಊಟ. ಹತ್ತೂವರೆಗೆ ತಮ್ಮದೇ ಗಿರಣಿಯ ಸೈರನ್ ಕೇಳಿದ್ದೇ ತಡ, ಮೂಟೆ ಹೊರುವವರೆಲ್ಲ ಮೂಟೆ ಇಳಿಸಿ, ಕೈ ತೊಳೆದು, ಬುತ್ತಿ ಬಿಚ್ಚಿ ಕೂತರಂತೆ. ನಾನು ಮಲಗಿ ಮಲಗಿ ಅಂತ ಒದರುತ್ತಿದ್ದದ್ದು ಊಟವಾದ ಮೇಲೆ ಮಾಡಬೇಕಾದ ಕೆಲಸ ಅಂತ ಅವರ ತಿಳಿವಳಿಕೆ. ಮಾಲೀಕರು ಫೋನ್ ಮಾಡಿ ಕೂಗಾಡಿದರು. ನಾನು ಕ್ಷಮೆ ಕೇಳಿ, ಮತ್ತೆ ಮೈಕಿನಲ್ಲಿ, ಗಿರಣಿಯ ಬಂಧುಗಳೇ, ಅದು ಊಟದ ಸೈರನ್ ಅಲ್ಲ, ಆ ಸದ್ದಿಗೆ ಬೋರಲು ಮಲಗಬೇಕು ಅಂತ ಕೇಳಿಕೊಂಡೆ. ಅವರು ಅರ್ಧ ಊಟಕ್ಕೇ ಎದ್ದು ಕೆಲಸಕ್ಕೆ ಹೋದರು.

ಒಂದು ಗಂಟೆಗೆ ಗಿರಣಿಯ ನಿಜವಾದ ಊಟದ ಸೈರನ್ ಮೊಳಗಿತು. ಮಾಲೀಕರು ಹೊರಗೆ ಬಂದು ನೋಡಿದರೆ ಅಂಗಳದ ತುಂಬ ಜನ ಬೋರಲು ಮಲಗಿದ್ದರಂತೆ. ಊಟಕ್ಕೆ ಏಳಿ ಅಂದರೆ ಒಬ್ಬ ತಲೆಯೆತ್ತದೆ, ರೇಡಿಯೊದವರು ಹೇಳಲಿ ಆಮೇಲೆ ಏಳ್ತೀವಿ ಅಂದನಂತೆ.

ಎರಡು ಗಂಟೆ: ಹುರುಳಿ ಬಸ್ಸಾರು

ಎರಡಕ್ಕೆ ಮಹಿಳೆಯರ ಅಡುಗೆ ಕಾರ್ಯಕ್ರಮ. ಬರಬೇಕಾಗಿದ್ದ ಅತಿಥಿಯ ಬಸ್ಸು ಕೆಟ್ಟಿತ್ತು. ಎಲ್ಲಿ ಕೆಟ್ಟಿತು ಅಂತ ನಾನು ಕೇಳಲಿಲ್ಲ. ಹೊರಗೆ ನೋಡಿದರೆ ಅಮ್ಮ ಕೂತಿದ್ದರು. ಬೆಳಗಿನಿಂದ ಟೀ ಬೇಡ, ತಿಂಡಿ ಬೇಡ ಅಂತ ಸುಮ್ಮನೆ ಕೂತವರನ್ನು ಮಾತಾಡಿಸಿದ ಹಾಗೂ ಆಯಿತು, ಹದಿನೈದು ನಿಮಿಷ ತುಂಬಿದ ಹಾಗೂ ಆಯಿತು ಅಂತ ಒಳಗೆ ಕರೆದೆ. ಅಧ್ಯಕ್ಷರು ಒಂದೇ ಷರತ್ತು ಹಾಕಿದರು: ಮಗನ ವಿಚಾರ, ಸೈನ್ಯದ ವಿಚಾರ ಒಂದಕ್ಷರ ಬರಕೂಡದು. ಅಮ್ಮ ಆಗಲಿ ಅಂತ ತಲೆಯಾಡಿಸಿದರು.

ಹುರುಳಿಕಾಳಿನ ಬಸ್ಸಾರು ಮಾಡುವುದನ್ನು ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ ನಮ್ಮ ಸಹಾಯಕರು ಗುಂಡಿ ಒತ್ತುವುದನ್ನು ಮರೆತು ಜೊಲ್ಲು ನುಂಗುತ್ತಿದ್ದರು. ಕಾಳು ಬೇಯುವುದು, ಕಟ್ಟು ಬಸಿಯುವುದು, ಖಾರ ರುಬ್ಬುವುದು, ಒಂದೂ ಬಿಡಲಿಲ್ಲ. ಅಳತೆ ಮಾತ್ರ ವಿಪರೀತ ಅನ್ನಿಸಿತು. ಎರಡು ಸೇರು ಕಾಳು, ಹತ್ತು ಮುದ್ದೆ. ಇದು ಎಷ್ಟು ಜನಕ್ಕಮ್ಮ ಅಂತ ಕೇಳಿದೆ.

‘ಒಬ್ಬನಿಗೆ.’

ಒಬ್ಬರಿಗೆ ಹತ್ತು ಮುದ್ದೆಯೇ, ಯಾರವರು ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ. ಅಮ್ಮ ಗಾಜಿನಾಚೆಯ ಅಧ್ಯಕ್ಷರನ್ನು ಒಮ್ಮೆ ನೋಡಿದರು.

‘ಹೇಳಂಗಿಲ್ಲ ಕಣವ್ವ. ಅವನು ರಜಕ್ಕೆ ಬಂದಾಗ ಮಾಡೋದು. ಎಲ್ಲಿಂದ ಬತ್ತಾನೆ ಅಂತಾನೂ ಹೇಳಂಗಿಲ್ಲ.’

ಹೇಳುತ್ತ ಬಿಕ್ಕಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಸಹಾಯಕರಿಗೆ ಹಾಡು ಹಾಕಿ ಅಂತ ಸನ್ನೆ ಮಾಡಿದೆ. ಕಾರ್ಯಕ್ರಮ ಮುಗಿದ ಮೇಲೆ ನಾಲ್ಕು ಕಡೆಯಿಂದ ಫೋನ್ ಬಂತು. ಮೂವರು ಮಗ ಎಲ್ಲೇ ಇರಲಿ ಚೆನ್ನಾಗಿರಲಿ ಅಂದರು. ನಾಲ್ಕನೆಯವರು ಗಂಡಸರು, ಕೊನೆಯಲ್ಲಿ ಅಳು ಬಂದದ್ದು ಈರುಳ್ಳಿಗಾಗಿದ್ದರೆ, ಈರುಳ್ಳಿ ಯಾವಾಗ ಹಾಕಬೇಕು ಅಂತ ಹೇಳಲೇ ಇಲ್ಲವಲ್ಲ ಅಂದರು.

ಮೂರು ಗಂಟೆ: ವೀರರ ನೆನಪು

ಮೂರಕ್ಕೆ ಹಳೆಯ ಯೋಧರೊಬ್ಬರ ಸಂದರ್ಶನ. ಎಂಬತ್ತರ ಹತ್ತಿರದವರು, ಮೀಸೆ ಇನ್ನೂ ಸಿಪಾಯಿಯ ಹಾಗೇ ನಿಂತಿದೆ. ತಪ್ಪಾದದ್ದು ಎಲ್ಲಿ ಅಂದರೆ, ಜೊತೆಗೆ ಬಂದ ಅವರ ಹೆಂಡತಿಯನ್ನೂ ಮೈಕಿನ ಮುಂದೆ ಕೂರಿಸಿದ್ದು.

ಯಜಮಾನರು ಒಂದು ಹಳೆಯ ಯುದ್ಧದ ಕಥೆ ಎತ್ತಿಕೊಂಡರು. ಕೊರೆಯುವ ಚಳಿ, ಎದುರಿಗೆ ಗುಡ್ಡ, ಮೇಲಿಂದ ಗುಂಡು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಹೆಂಡತಿ ಮಧ್ಯೆ ಬಾಯಿ ಹಾಕಿ, ಅದು ಯಾವ ವರ್ಷ ಅಂದರು. ಯಜಮಾನರು ವರ್ಷ ಹೇಳಿದರು. ಆಕೆ ಬೆರಳು ಮಡಿಸಿ ಎಣಿಸಿದರು. ಆ ವರ್ಷ ದೊಡ್ಡ ಮಗಳ ನಾಮಕರಣ, ನೀವು ರಜದ ಮೇಲೆ ಊರಲ್ಲಿದ್ದಿರಿ, ತೊಟ್ಟಿಲ ಹಗ್ಗ ಕಟ್ಟಿದ್ದು ನೀವೇ ಅಂದರು.

ಯಜಮಾನರು ಸೋಲಲಿಲ್ಲ. ಇನ್ನೊಂದು ಯುದ್ಧ ತೆಗೆದರು. ಆ ಹೊತ್ತಿಗೆ ಎರಡನೆಯ ಮಗಳ ನಾಮಕರಣ ಬಂತು. ಹೀಗೆ ಒಟ್ಟು ನಾಲ್ಕು ಕಥೆ, ನಾಲ್ಕು ನಾಮಕರಣ. ಕೊನೆಗೆ ಯಜಮಾನರು ಮೀಸೆ ತಿರುವಿ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ನನಗೆ ಹೇಳಿದರು.

‘ನಮ್ಗೆ ಐದನೇ ಮಗು ಆಗ್ನಿಲ್ಲ ಕಣಮ್ಮ. ಆ ವರ್ಷದ ಯುದ್ಧ ಕೇಳಿ, ಅದು ನಾನೇ ಮಾಡಿದ್ದು.’

ನಾಲ್ಕು ಗಂಟೆ: ಯೋಧರಿಗಾಗಿ ಹಾಡು

ನಾಲ್ಕಕ್ಕೆ ಕೇಳುಗರ ಮೆಚ್ಚಿನ ಗೀತೆ. ಆ ವಾರ ಅದನ್ನು ಗಡಿ ಕಾಯುವವರಿಗೆ ಮೀಸಲಿಟ್ಟಿದ್ದೆವು. ಹೆಸರು ಹೇಳಿ, ಊರು ಹೇಳಬೇಡಿ ಅಂತ ಕೇಳಿಕೊಂಡಿದ್ದೆವು. ಮೊದಲ ಕರೆ ಹಂಪಾಪುರದ ಕಡೆಯಿಂದ, ಅಕ್ಕನ ಮಗನಿಗಾಗಿ ಒಂದು ದೇಶಭಕ್ತಿ ಗೀತೆ. ಹಾಡನ್ನು ಬಯಸುವವರು ಯಾರು ಯಾರು ಅಂತ ವಾಡಿಕೆಯಂತೆ ಕೇಳಿದೆ.

ನಮ್ಮ ಕಡೆ ಹೆಸರು ಹೇಳುವುದು ಸಣ್ಣ ಕೆಲಸವಲ್ಲ. ಮದುವೆ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿಯಿಂದ ಒಬ್ಬ ಚಿಕ್ಕಪ್ಪ ಬಿಟ್ಟುಹೋದರೆ ಮೂರು ತಲೆಮಾರು ಮಾತು ಬಿಡುವ ಜನ ನಾವು. ಕರೆ ಮಾಡಿದವರು ಅಜ್ಜನಿಂದ ಶುರುಮಾಡಿದರು. ದೊಡ್ಡಪ್ಪಂದಿರು ನಾಲ್ವರು, ಅವರ ಮನೆಯವರು, ಸೋದರತ್ತೆಯರು, ಬೀಗರು, ಬೀಗರ ಬೀಗರು, ಹಾಲಿನ ಡೇರಿಯ ಕಾರ್ಯದರ್ಶಿ, ಎದುರು ಮನೆಯವರು. ಎದುರು ಮನೆಯವರನ್ನು ಹೇಳಿದ ಮೇಲೆ ಪಕ್ಕದ ಮನೆಯವರನ್ನು ಬಿಡುವ ಹಾಗಿಲ್ಲವಲ್ಲ. ನಡುವೆ ನಾನು ಹಾಡು ಹಾಕಲೇ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಇನ್ನೊಂದೇ ಹೆಸರು ಮೇಡಂ ಅಂದರು. ಅರ್ಧ ಗಂಟೆಯ ಕಾರ್ಯಕ್ರಮ ಮುಗಿದು, ಹಾಡಿನ ಮೊದಲ ಸಾಲಿಗೂ ಜಾಗ ಉಳಿಯಲಿಲ್ಲ.

ಹೊರಗೆ ಬಂದರೆ ಅಮ್ಮನ ಮುಖ ಬೆಳಗಿನಿಂದ ಮೊದಲ ಸಲ ಸ್ವಲ್ಪ ಸಡಿಲವಾಗಿತ್ತು. ಎಲ್ಲರನ್ನೂ ನೆನೆಸಿಕೊಂಡನಲ್ಲ, ಒಳ್ಳೆ ಮನುಷ್ಯ ಅಂದರು. ಅಷ್ಟರಲ್ಲಿ ಫೋನು ಹೊಡೆಯಿತು. ಹಂಪಾಪುರದ ಕಡೆಯವರೇ, ಬೇರೆ ದನಿ, ಸಿಟ್ಟಿನಿಂದ ನಡುಗುತ್ತಿತ್ತು. ಪಟ್ಟಿಯಲ್ಲಿ ತಮ್ಮ ಹೆಸರು ಯಾಕೆ ಬರಲಿಲ್ಲ ಅಂತ ಕೇಳಿದರು. ತಾವು ಯಾರು ಅಂತ ವಿಚಾರಿಸಿದೆ.

‘ಆ ಹುಡುಗನ ಅಪ್ಪ ಕಣ್ರೀ.’

ಐದೂವರೆ: ಹಸುವಿನ ವೈದ್ಯರು

ಐದೂವರೆಗೆ ಪಶುವೈದ್ಯರ ನೇರ ಕಾರ್ಯಕ್ರಮ. ಯುದ್ಧವಿರಲಿ ಬಿಡಲಿ, ನಮ್ಮಲ್ಲಿ ಅತಿ ಹೆಚ್ಚು ಫೋನ್ ಬರುವುದು ಇದಕ್ಕೇ. ನಮ್ಮ ವೈದ್ಯರು ಬಲು ಚುರುಕು. ಕರೆ ಮಾಡಿದವರು ನಮಸ್ಕಾರ ಅನ್ನುವುದರೊಳಗೆ ತಲೆ ಬಗ್ಗಿಸಿ ಬರೆದುಕೊಳ್ಳಲು ಶುರು ಮಾಡುತ್ತಾರೆ. ವಯಸ್ಸೆಷ್ಟು, ಮೇವು ತಿನ್ನುತ್ತಿದೆಯೇ, ಎಷ್ಟು ದಿನದಿಂದ ಅಂತ ಮೂರು ಪ್ರಶ್ನೆ ಕೇಳಿ ಔಷಧಿ ಹೇಳಿಬಿಡುತ್ತಾರೆ.

ಅಮ್ಮನಿಗೆ ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು. ಇವತ್ತು ಏನೂ ಹೇಳುವ ಹಾಗಾಗಲಿಲ್ಲವಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ನಾಳೆ ಬತ್ತೀನಿ ಅಂದರು. ಆ ಮಾತು ಕೇಳಿ ನನಗೆ ಒಳಗೆ ಹೋಗಿ ಹಸು ಎಮ್ಮೆಗಳ ವಿಚಾರ ಮಾತಾಡುವುದೇ ಕಷ್ಟವಾಯಿತು. ಆದರೂ ಹೋದೆ. ಮೂರನೆಯ ಕರೆ ಎತ್ತಿದೆ. ಲೈನು ಕರಕರ ಅನ್ನುತ್ತಿತ್ತು.

‘ನಮಸ್ಕಾರ ಮೇಡಂ. ನಾನು ಕಂಪಲಾಪುರದೋನು, ದೂರದಿಂದ ಮಾತಾಡ್ತಿದೀನಿ. ನಮ್ಮವ್ವನ ವಿಚಾರ ಕೇಳ್ಬೇಕಿತ್ತು.’

ನಾನು ವೈದ್ಯರ ತೋಳು ಮುಟ್ಟಿದೆ. ವೈದ್ಯರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು.

‘ವಯಸ್ಸೆಷ್ಟು?’

‘ಅರವತ್ತೆರಡು ಸಾರ್.’

‘ಮೇವು ಸರಿಯಾಗಿ ತಿನ್ತಾ ಇದೆಯಾ?’

‘ಅದ್ನೇ ಕೇಳಣ ಅಂತ ಫೋನ್ ಮಾಡ್ದೆ ಸಾರ್.’

ಕೆಂಪು ದೀಪ ಉರಿಯುವಾಗ ಯಾರೂ ತೆಗೆಯಬಾರದ ಬಾಗಿಲು ಧಡಾರನೆ ತೆರೆಯಿತು. ಇನ್ನೂ ಹೊರಟಿರದ ಅಮ್ಮ, ಸ್ಪೀಕರಿನಲ್ಲಿ ಮಗನ ದನಿ ಕೇಳಿ ಒಳಗೆ ಬಂದವರೇ ನನ್ನ ಮುಂದಿದ್ದ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಿಯಮದ ಪ್ರಕಾರ ನಾನು ಆ ಕ್ಷಣ ಪ್ರಸಾರ ನಿಲ್ಲಿಸಬೇಕಾಗಿತ್ತು. ಅಧ್ಯಕ್ಷರೂ ಗಾಜಿನಾಚೆ ಅದನ್ನೇ ಸನ್ನೆ ಮಾಡುತ್ತಿದ್ದರು. ನಾನು ಆ ಕಡೆ ನೋಡಲಿಲ್ಲ.

‘ಎಲ್ಲಿದೀಯ ಅಂತ ಹೇಳ್ಬ್ಯಾಡ ಕಣ್ಲಾ ಮಗ,’ ಅಂದರು ಅಮ್ಮ. ‘ಏನ್ ಮಾಡ್ತಿದೀಯ ಅಂತಾನೂ ಹೇಳ್ಬ್ಯಾಡ. ಇದ್ದೀಯ ಅಂತ ಒಂದು ಹೇಳು, ಸಾಕು.’

‘ಇದೀನಿ ಕಣವ್ವ. ನೀನು ಫೋನ್ ಯಾಕೆ ಎತ್ತಲ್ಲ? ದಿನಾ ಮಾಡ್ತಿದೀನಿ, ಸ್ವಿಚಾಫ್ ಅಂತ ಬತ್ತೈತೆ. ನಿಂಗೇನಾಯ್ತೋ ಅಂತ ಇಲ್ಲಿ ನಂಗೆ ನಿದ್ದೆ ಇಲ್ಲ. ಇವತ್ತು ಪಕ್ಕದ ಮನೆಯೋರ ನಂಬರ್ ಹುಡುಕಿ ಕೇಳಿದ್ರೆ, ನಿಮ್ಮವ್ವ ರೇಡಿಯೊದಲ್ಲಿ ಬಸ್ಸಾರು ಮಾಡ್ತಾವ್ರೆ ಅಂದ್ರು. ಅವ್ರ ತಾವೇ ರೇಡಿಯೊ ನಂಬರ್ ಇಸ್ಕೊಂಡೆ.’

ಫೋನ್ ಬೀರುವಿನಲ್ಲಿ ಭದ್ರವಾಗಿದೆ ಅಂದರು ಅಮ್ಮ. ಯುದ್ಧ ಅಂದ ದಿನವೇ, ಮಗ ಮಾತಾಡುವ ಫೋನು, ಬಿದ್ದು ಒಡೆದು ಹೋದರೆ ಏನು ಗತಿ ಅಂತ, ಮದುವೆಯ ಸೀರೆಯೊಳಗೆ ಸುತ್ತಿಟ್ಟು ಬೀಗ ಹಾಕಿದ್ದಾರೆ. ದಿನಕ್ಕೆ ಎರಡು ಹೊತ್ತು ಬೀಗ ತೆಗೆದು, ಅರಿಸಿನ ಕುಂಕುಮ ಮುಟ್ಟಿಸಿ ನೋಡುತ್ತಾರೆ. ಅದು ಸದ್ದಿಲ್ಲದೆ ಮಲಗಿರುತ್ತದೆ. ಬೆಳಗಿನಿಂದ ಅವರಿಗೆ ಅಷ್ಟೊಂದು ಸಮಾಧಾನ ಹೇಳಿದ ನಾವು, ನಿಮ್ಮ ಫೋನ್ ಎಲ್ಲಿ ಅಂತ ಒಬ್ಬರೂ ಕೇಳಿರಲಿಲ್ಲ.

‘ಚಾರ್ಜಿಗೆ ಹಾಕಿದ್ಯಾ?’ ಅಂತ ಕೇಳಿದ ಮಗ.

‘ಬೀರುವಿನೊಳಗೆ ಕರೆಂಟ್ ಎಲ್ಲೈತ್ಲಾ?’

ಲೈನಿನ ಕರಕರ ಸದ್ದಿನಲ್ಲಿ ಅವನು ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ನಮ್ಮ ವೈದ್ಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ನಾನಂತೂ ಅಳುತ್ತಲೇ ಇದ್ದೆ, ನ್ಯಾಯವಾಗಿ ಹೇಳಿಬಿಡುತ್ತೇನೆ. ಅಳದೆ ಇದ್ದವರು ಅಮ್ಮ ಒಬ್ಬರೇ. ಅವರಿಗೆ ಕೆಲಸವಿತ್ತು.

‘ಉಂಡ್ಯಾ?’

‘ಉಂಡೆ.’

‘ಏನುಂಡೆ?’

‘ಚಪಾತಿ.’

‘ನೆನ್ನೆ?’

‘ಚಪಾತಿ ಕಣವ್ವ.’

ಅಮ್ಮನ ಮುಖ ಕೆಂಪಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

‘ನಿನ್ ಮೇಲಿನ ಸಾಹೇಬ್ರಿಗೆ ಫೋನ್ ಕೊಡು.’

‘ಯಾಕವ್ವ?’

‘ಕೊಡ್ಲಾ. ಯುದ್ಧ ಅವರ ಇಷ್ಟದಂಗೆ ಮಾಡ್ಲಿ, ನಾನ್ ಬಾಯಿ ಹಾಕಾಕಿಲ್ಲ. ಮುದ್ದೆಗೆ ಹಿಟ್ಟು ತೊಳ್ಸೋದು ಹೆಂಗೆ ಅಂತ ಒಂದ್ ಎರಡು ನಿಮಿಷ ಹೇಳ್ಕೊಡ್ತೀನಿ. ಕರಿ ಅವರ್ನ.’

ಠಪ್ ಅಂತ ಸದ್ದಾಯಿತು. ಲೈನು ಹೋಯಿತು. ಆರು ದಿನ ಕಾದು ಸಿಕ್ಕ ಕರೆ ಹೀಗೆ ಅರ್ಧಕ್ಕೇ ನಿಂತಿತಲ್ಲ ಅನ್ನಿಸಿತು. ಲೈನ್ ಕಟ್ಟಾಯಿತಮ್ಮ, ಮತ್ತೆ ಸಿಗುತ್ತದೋ ನೋಡೋಣ ತಡೆಯಿರಿ ಅಂದೆ.

ಅಮ್ಮ ಮೈಕನ್ನು ಇದ್ದ ಜಾಗಕ್ಕೆ ಜೋಪಾನವಾಗಿ ಇಟ್ಟರು. ಬೆಳಗಿನಿಂದ ಕಾಣದಿದ್ದ ನಗು ಆ ಮುಖದ ತುಂಬ ಹರಡಿತ್ತು.

‘ಲೈನ್ ಹೋಗಿಲ್ಲ ಕಣವ್ವ, ಅವನೇ ಫೋನ್ ಮಡಗ್ದ. ಚಿಕ್ಕೋನಾಗಿಂದ ಅಂಗೇ, ನಾನು ಇಸ್ಕೂಲ್ ಮೇಷ್ಟ್ರ ತಾವ ಮಾತಾಡ್ತೀನಿ ಅಂದ್ರೆ ಓಡೋಗ್ತಿದ್ದ. ಈಗ್ಲೂ ಓಡ್ದ ಅಂದ್ರೆ ಕೈ ಕಾಲು ನೆಟ್ಟಗವೆ ಬುಡು.’